ಸ್ವ-ಭಾವಚಿತ್ರವೋ, ಸ್ವಭಾವದ ಚಿತ್ರವೋ?

ಓದುಗರ ಪ್ರಶ್ನೆ: ಛಾಯಾಗ್ರಹಣ

ಈ ಸಲ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳಿವೆ: ತನ್ನ ಚಿತ್ರ ತಾನೇ ತೆಗೆದು ತನ್ನನ್ನು ಅರಿಯಬಹುದೇ? ಒಂದೇ ಥರದ ಪ್ರಶ್ನೆಗಳನ್ನು ಕೂಡಿಸಿದ್ದೇವೆ. ಬರೆದವರ ಊರು ಮಾತ್ರ ಕೊಟ್ಟಿದ್ದೇವೆ.

ದಿನವೂ ಸೆಲ್ಫಿ ತೆಗೆಯುತ್ತೇನೆ. ಫೋನಿನಲ್ಲಿ ನನ್ನವೇ ಸಾವಿರಾರು ಫೋಟೊ ಇವೆ. ಅವು ಸ್ವ-ಭಾವಚಿತ್ರ ಅಲ್ಲವೇ? ಅದಕ್ಕೆ ಬೇರೆ ಕ್ಯಾಮೆರಾ ಕೊಳ್ಳಬೇಕೇ? (ಸಿಂಧನೂರು)

ಕ್ಯಾಮೆರಾ ಬೇಡ, ದೂರ ಬೇಕು. ಸೆಲ್ಫಿ ತೆಗೆಯುವಾಗ ಪರದೆ ನೋಡುತ್ತೀರಿ, ತುಟಿ ಸರಿ ಮಾಡಿಕೊಳ್ಳುತ್ತೀರಿ, ಗದ್ದ ಇಳಿಸುತ್ತೀರಿ, ಆಮೇಲೆ ಒತ್ತುತ್ತೀರಿ. ತಿದ್ದಿ ಮುಗಿಸಿದ ಒಂದೇ ಮುಖ ಸಾವಿರ ಸಲ ದಾಖಲಾಗಿರುತ್ತದೆ. ಫೋನು ಕೈಬಿಟ್ಟು ದೂರ ಹೋಗಿ, ಪರದೆ ಆಚೆ ತಿರುಗಿದಾಗ ತಿದ್ದುವುದಕ್ಕೆ ಏನೂ ಉಳಿಯುವುದಿಲ್ಲ. ಸ್ವ-ಭಾವಚಿತ್ರ ಅಲ್ಲಿಂದ ಶುರು.

ದೂರದ ಇನ್ನೊಂದು ಲೆಕ್ಕ ನೋಡಿ. ಮೂಗಿನ ತುದಿಯಿಂದ ಕಿವಿಯವರೆಗೆ ಸುಮಾರು 12 ಸೆಂ.ಮೀ. ಎಂದಿಟ್ಟುಕೊಳ್ಳಿ. ಫೋನು ಮೂಗಿನಿಂದ 30 ಸೆಂ.ಮೀ. ದೂರದಲ್ಲಿದ್ದರೆ ಕಿವಿ 42 ಸೆಂ.ಮೀ. ದೂರದಲ್ಲಿರುತ್ತದೆ. ಹತ್ತಿರದ್ದು ದೊಡ್ಡದಾಗಿ ಕಾಣುವುದರಿಂದ ಕಿವಿಗೆ ಹೋಲಿಸಿದರೆ ಮೂಗು ಶೇ 40ರಷ್ಟು ಹಿಗ್ಗುತ್ತದೆ. ಫೋನನ್ನು 150 ಸೆಂ.ಮೀ.ಗೆ, ಅಂದರೆ 5 ಅಡಿಗೆ ಸರಿಸಿದರೆ ಆ ಹಿಗ್ಗು ಶೇ 8ಕ್ಕೆ ಇಳಿಯುತ್ತದೆ. ಮೂಗು ದಪ್ಪ ಎಂದು ಕೊರಗುವವರಲ್ಲಿ ಎಷ್ಟೋ ಮಂದಿ ನಿಜಕ್ಕೂ ಕೊರಗಬೇಕಾದ್ದು ತಮ್ಮ ತೋಳಿನ ಉದ್ದಕ್ಕೆ.

ಹಾಗಾಗಿ ಹಿಂಬದಿ ಕ್ಯಾಮೆರಾ, 5 ಅಡಿ ದೂರ, ಲೆನ್ಸು ನಿಮ್ಮ ಕಣ್ಣಿನ ಎತ್ತರಕ್ಕೆ. ಜೂಮ್ 1ಎಕ್ಸ್ ಅಥವಾ 2ಎಕ್ಸ್ ಸಾಕು, 0.5ಎಕ್ಸ್ ಅಂಚಿನಲ್ಲಿರುವುದನ್ನೆಲ್ಲ ಎಳೆಯುತ್ತದೆ, ಬೇಡ. ಬ್ಯೂಟಿ ಮೋಡ್ ಪೂರ್ತಿ ಆಫ್. ಎಷ್ಟೋ ಫೋನುಗಳಲ್ಲಿ ಅದು ಮೊದಲೇ ಆನ್ ಇದ್ದು ಮೈಬಣ್ಣ ತಿಳಿ ಮಾಡಿರುತ್ತದೆ. ನಮ್ಮ ಬಿಸಿಲಿನ ಕಪ್ಪನ್ನು ಒರೆಸಿದ ಚಿತ್ರದಿಂದ ಯಾರನ್ನು ಅರಿಯಲು ಹೊರಟಂತಾಯಿತು?

ಸ್ಟ್ಯಾಂಡ್ ಇಲ್ಲದಿದ್ದರೆ ಸ್ಟೂಲಿನ ಮೇಲೆ ಎರಡು ಇಟ್ಟಿಗೆ ಇಟ್ಟು, ನಡುವೆ ಫೋನು ಸಿಕ್ಕಿಸಿ, ಸಂದಿಗೆ ಬಟ್ಟೆ ತುರುಕಿ. ಜೋಳ ತುಂಬಿದ ಡಬ್ಬಿಯಲ್ಲಿ ಫೋನು ನೆಡುವವರಿದ್ದಾರೆ. ನಿಲ್ಲುವುದೇನೋ ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ಹೊಟ್ಟಿನ ದೂಳು ಚಾರ್ಜಿಂಗ್ ತೂತಿಗೆ ಇಳಿದು ವಾರದೊಳಗೆ ರಿಪೇರಿ ಅಂಗಡಿ ತೋರಿಸುತ್ತದೆ.

ನಮ್ಮದು ಮಣ್ಣಿನ ಮಾಳಗಿ ಮನಿ ರೀ. ಕಿಡಕಿ ಸಣ್ಣವು, ಬೆಳಕು ಬರೂದು ಬೆಳಕಿಂಡಿಯಿಂದ. ಫೋಟೊದಾಗ ಕಣ್ಣು ಕುಣಿ ಬಿದ್ದಂಗ ಕಾಣ್ತಾವು. ಬಲ್ಬ್ ಹಾಕಿದ್ರ ಪಟ್ಟಿ ಪಟ್ಟಿ ಬರ್ತಾವು. ಏನ್ ಮಾಡಬೇಕ್ರಿ? (ಕುಷ್ಟಗಿ ತಾಲ್ಲೂಕು)

ನಿಮ್ಮ ಮನೆಯಲ್ಲಿರುವುದು ಸ್ಟುಡಿಯೊದವರು ದುಡ್ಡು ಕೊಟ್ಟು ಕಟ್ಟಿಸುವ ಬೆಳಕು. ಮೇಲಿನಿಂದ ಒಂದೇ ಕಡೆ ಬೀಳುತ್ತದೆ, ಸುತ್ತ ಕತ್ತಲು. ಕಷ್ಟವೆಂದರೆ ಅದು ನೆತ್ತಿಯ ಮೇಲಿಂದ ಬಿದ್ದಾಗ ಹುಬ್ಬಿನ ನೆರಳು ಕಣ್ಣಿನ ಗುಳಿ ತುಂಬುತ್ತದೆ.

ಬೆಳಕಿಂಡಿಯ ನೇರ ಕೆಳಗೆ ಕೂರಬೇಡಿ. ಒಂದೂವರೆ ಎರಡು ಅಡಿ ಹಿಂದೆ ಸರಿದು, ಅದರ ಕಡೆಗೇ ಮುಖ ಮಾಡಿ, ಗದ್ದ ಒಂದು ಬೆರಳಿನಷ್ಟು ಎತ್ತಿ. ಈಗ ಬೆಳಕು ಹಣೆಗೆ ಬದಲು ಕೆನ್ನೆಗೆ ತಾಗುತ್ತದೆ. ಬಿಳಿ ಧೋತರವನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲೆ ಹಾಸಿಕೊಳ್ಳಿ. ಬಿದ್ದ ಬೆಳಕು ಪುಟಿದು ಗದ್ದದ ಕೆಳಗೂ ಕಣ್ಣಿನ ಗುಳಿಗೂ ಏರುತ್ತದೆ. ಧೋತರ ಇಟ್ಟು ಒಂದು, ತೆಗೆದು ಒಂದು ಫೋಟೊ ಹೊಡೆದು ನೋಡಿ, ವ್ಯತ್ಯಾಸ ಹೇಳುವುದೇ ಬೇಡ. ನೀಲಿ ಅಥವಾ ಹಸಿರು ಡಿಸ್ಟೆಂಪರ್ ಬಳಿದ ಗೋಡೆಗೆ ಒತ್ತಿ ಕೂರಬೇಡಿ, ಆ ಬಣ್ಣ ಕೆನ್ನೆಗೆ ಹತ್ತುತ್ತದೆ. ಕೆಂಪು ಮಣ್ಣಿನ ಅಂಗಳದಲ್ಲಿ ಮಧ್ಯಾಹ್ನ ನಿಂತಾಗ ಗದ್ದದ ಕೆಳಗೆ ಕೆಂಪು ಹತ್ತುವುದೂ ಹೀಗೆಯೇ.

ಬಿಸಿಲು ನೆಲದ ಮೇಲೆ ಬಿಲ್ಲೆಯ ಹಾಗೆ ಬಿದ್ದಿರುವ ಹೊತ್ತಿನಲ್ಲಿ ಆ ಬಿಲ್ಲೆಯೊಳಗೆ ಕೂರದೆ ಪಕ್ಕದಲ್ಲಿ ಕೂರಿ. ಒಳಗೆ ಕೂತರೆ ಅರ್ಧ ಮುಖ ಸುಟ್ಟು ಬಿಳಿಚುತ್ತದೆ, ಉಳಿದರ್ಧ ಕಪ್ಪು. ಅಂದಹಾಗೆ ಆ ಬಿಲ್ಲೆ ದುಂಡಗಿರುವುದಕ್ಕೆ ಕಿಂಡಿ ದುಂಡಗಿರುವುದೇ ಕಾರಣ ಆಗಬೇಕಿಲ್ಲ. ಕಿಂಡಿ ಸಣ್ಣದಾಗಿದ್ದರೆ ನೆಲದ ಮೇಲೆ ಬೀಳುವುದು ಸೂರ್ಯನ ಬಿಂಬ. ಹಂಪಿಯ ವಿರೂಪಾಕ್ಷ ಗುಡಿಯಲ್ಲಿ ಗೋಪುರ ತಲೆಕೆಳಗಾಗಿ ಗೋಡೆಯ ಮೇಲೆ ಮೂಡುವುದೂ ಇದೇ ನಿಯಮದಿಂದ. ಕ್ಯಾಮೆರಾದ ಒಳಗೆ ನಡೆಯುವುದೂ ಅದೇ.

ಪಟ್ಟಿಗಳ ವಿಷಯ: ನಮ್ಮ ಕರೆಂಟು 50 ಹರ್ಟ್ಸ್. ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಶಟರ್ ವೇಗ, ಅಂದರೆ ಕ್ಯಾಮೆರಾ ಬೆಳಕು ಹಿಡಿಯುವ ಹೊತ್ತು, ಅದಕ್ಕೆ ಹೊಂದದಿದ್ದರೆ ಪಟ್ಟಿ ಬೀಳುತ್ತದೆ. ಕೈಯಾರೆ ಹೊಂದಿಸುವ ಪ್ರೊ ಮೋಡ್ ಇದ್ದರೆ ಶಟರನ್ನು 1/50 ಅಥವಾ 1/100 ಸೆಕೆಂಡಿಗೆ ಇಡಿ. ಇಲ್ಲದಿದ್ದರೆ ಬಲ್ಬನ್ನೇ ಆರಿಸಿ. ಹಗಲು ಬೆಳಕಿನ ಜೊತೆ ಬಲ್ಬು ಬೆರೆತರೆ ಒಂದು ಕೆನ್ನೆ ನೀಲಿ, ಇನ್ನೊಂದು ಹಳದಿ ಆಗುವ ಕಾಟವೂ ತಪ್ಪುತ್ತದೆ.

ಟೈಮರ್ ಇಟ್ಟು ಓಡಿ ಬಂದು ಕೂತರೆ ಹಿಂದಿನ ಗೋಡೆ ಸ್ಪಷ್ಟ, ನಾನು ಮಸುಕು. (ರಾಯಚೂರು)

ನೀವು ಬರುವ ಮೊದಲೇ ಫೋನು ಗೋಡೆಯ ಮೇಲೆ ಫೋಕಸ್ ಹಿಡಿದಿರುತ್ತದೆ. ನಿಮ್ಮ ಜಾಗದಲ್ಲಿ ಇನ್ನೊಬ್ಬರನ್ನು ಕೂರಿಸಬೇಕು. ಆ ಇನ್ನೊಬ್ಬರು ನೀರಿನ ಕೊಡ ಆದರೂ ನಡೆಯುತ್ತದೆ. ಕುರ್ಚಿಯ ಮೇಲೆ ಕೊಡ ಇಟ್ಟು, ನಿಮ್ಮ ಮುಖದ ಎತ್ತರಕ್ಕೆ ಬರುವ ಹಾಗೆ ಅದರ ಬಾಯಿಗೆ ದಿನಪತ್ರಿಕೆ ಸಿಕ್ಕಿಸಿ. ಪತ್ರಿಕೆಯೇ ಯಾಕೆಂದರೆ ಅಚ್ಚಿನ ಕಪ್ಪು-ಬಿಳುಪು ಅಂಚುಗಳ ಮೇಲೆ ಫೋಕಸ್ ಬೇಗ ಕೂರುತ್ತದೆ; ಬೋಳು ಗೋಡೆ, ನುಣುಪು ಸ್ಟೀಲಿನ ಮೇಲೆ ತಡಕಾಡುತ್ತದೆ. ಪರದೆಯಲ್ಲಿ ಪತ್ರಿಕೆಯ ಮೇಲೆ ಬೆರಳನ್ನು ಎರಡು ಮೂರು ಸೆಕೆಂಡು ಒತ್ತಿ ಹಿಡಿದರೆ ಬಹುತೇಕ ಫೋನುಗಳಲ್ಲಿ ಫೋಕಸ್ಸೂ ಬೆಳಕೂ ಲಾಕ್ ಆಗುತ್ತವೆ. ಕುರ್ಚಿಯ ಕಾಲುಗಳ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು, ಕೊಡ ತೆಗೆದು, ನೀವು ಕೂರಿ. ಆದರೆ ಪತ್ರಿಕೆಯ ಬಿಳಿ ನೋಡಿ ಫೋನು ಬೆಳಕು ತಗ್ಗಿಸಿರುತ್ತದೆ. ಲಾಕ್ ಆದ ಮೇಲೆ ಪಕ್ಕದ ಸೂರ್ಯನ ಗುರುತನ್ನು ಸ್ವಲ್ಪ ಮೇಲಕ್ಕೆ ಎಳೆಯಿರಿ.

ಟೈಮರ್ 10 ಸೆಕೆಂಡು ಇರಲಿ. 3 ಸೆಕೆಂಡಿನ ಟೈಮರಿನಲ್ಲಿ ಏದುಸಿರಿನ ಮುಖವೇ ಬರುತ್ತದೆ. ಓಡಾಟ ಬೇಡವೆಂದರೆ ಬ್ಲೂಟೂತ್ ಬಟನ್ ಸಿಗುತ್ತದೆ. ಹಲವು ಫೋನುಗಳಲ್ಲಿ ವೈರಿನ ಇಯರ್‌ಫೋನಿನ ವಾಲ್ಯೂಮ್ ಗುಂಡಿಯೂ ಶಟರ್ ಆಗುತ್ತದೆ. ವಿಡಿಯೊ ಮಾಡಿ ಅದರಿಂದ ಚಿತ್ರ ಹೆಕ್ಕಬಹುದು, ಆದರೆ 4ಕೆ ವಿಡಿಯೊದ ಒಂದು ಚೌಕಟ್ಟಿನಲ್ಲಿ ಸುಮಾರು 8 ಮೆಗಾಪಿಕ್ಸೆಲ್ ಅಷ್ಟೇ ಇರುತ್ತದೆ, ಮಬ್ಬು ಬೆಳಕಿನಲ್ಲಿ ಅದೂ ಕಲೆಸಿಹೋಗುತ್ತದೆ.

ದೊಡ್ಡ ಕ್ಯಾಮೆರಾ ಇದ್ದವರಿಗೆ ಒಂದು ಮಾತು. ಎಪಿಎಸ್-ಸಿ ಎಂಬ ಮಧ್ಯಮ ಅಳತೆಯ ಸೆನ್ಸರ್, 50 ಮಿ.ಮೀ. ಲೆನ್ಸ್, 2 ಮೀಟರ್ ದೂರ ಎಂದಾದರೆ ಎಫ್ 2ರಲ್ಲಿ, ಅಂದರೆ ಲೆನ್ಸಿನ ಕಿಂಡಿ ದೊಡ್ಡದಾಗಿ ತೆರೆದಾಗ, ಸ್ಪಷ್ಟವಾಗಿರುವ ಆಳ ಸುಮಾರು 13 ಸೆಂ.ಮೀ. ಮಾತ್ರ. ಒಮ್ಮೆ ಬೆನ್ನು ಚಾಚಿದರೆ ಕಣ್ಣು ಅದರಾಚೆ. ಕಿಂಡಿ ಕಿರಿದು ಮಾಡಿ ಎಫ್ 5.6ಕ್ಕೆ ಬಂದರೆ ಸುಮಾರು 36 ಸೆಂ.ಮೀ. ಸಿಗುತ್ತದೆ.

ಕನ್ನಡಿಯಲ್ಲಿ ಚೆನ್ನಾಗಿಯೇ ಕಾಣುತ್ತೇನೆ. ಫೋಟೊದಲ್ಲಿ ಬೇರೆ ಯಾರೋ ಇದ್ದಂತೆ. ಯಾವುದು ನಿಜ? (ಬಳ್ಳಾರಿ)

ಎರಡೂ. ಕನ್ನಡಿ ಎಡಬಲ ಅದಲು ಬದಲು ಮಾಡಿ ತೋರಿಸುತ್ತದೆ, ಹುಟ್ಟಿದಾಗಿನಿಂದ ನೀವು ಕಂಡು ರೂಢಿಯಾದ ಮುಖ ಅದೇ. ಬೈತಲೆ ಯಾವ ಕಡೆ, ಯಾವ ಹುಬ್ಬು ಮೇಲೆ, ಎಲ್ಲವೂ ಫೋಟೊದಲ್ಲಿ ಪಲ್ಲಟವಾಗಿ ಬರುತ್ತವೆ. 1977ರಲ್ಲಿ ಅಮೆರಿಕದಲ್ಲಿ ಇದನ್ನು ಪರೀಕ್ಷಿಸಿದರು. ಒಂದೇ ಫೋಟೊದ ಎರಡು ಮುದ್ರಣ, ಒಂದು ನೇರ, ಒಂದು ಕನ್ನಡಿಯಂತೆ ತಿರುಗಿಸಿದ್ದು. ಚಿತ್ರದಲ್ಲಿದ್ದವರು ಹೆಚ್ಚಾಗಿ ತಿರುಗಿಸಿದ್ದನ್ನು ಮೆಚ್ಚಿದರು, ಅವರ ಆಪ್ತರು ನೇರದ್ದನ್ನು. ಯಾರಿಗೆ ಯಾವುದು ರೂಢಿಯೋ ಅದು ಚೆಂದ. ಮೊದಲ ಹತ್ತು ದಿನ ಮುಖ ಪರಕೀಯ ಅನ್ನಿಸುವುದು ನಿಮ್ಮ ದೋಷವಲ್ಲ. ಫೋನಿನಲ್ಲಿ ಚಿತ್ರವನ್ನು ಅಡ್ಡಡ್ಡ ತಿರುಗಿಸುವ ಆಯ್ಕೆ ಇರುತ್ತದೆ, ಒತ್ತಿ ನೋಡಿ.

ನೋಡುವ ಜಾಗ ಬದಲಾದರೆ ಮುಖ ಬದಲಾಗುತ್ತದೆ ಎನ್ನುವುದಕ್ಕೆ ನಿಮ್ಮೂರಿನಲ್ಲೇ ಸಾಕ್ಷಿ ಇದೆ. ಕುಂಬಾರ ಗುಡ್ಡ ಆಗ್ನೇಯ ದಿಕ್ಕಿನಿಂದ ಮನುಷ್ಯನ ಮುಖದ ಪಕ್ಕನೋಟದಂತೆ ಕಾಣುತ್ತದೆ. ಇನ್ನೊಂದು ಬದಿಗೆ ಹೋದರೆ ಅದು ಬರೀ ಗುಡ್ಡ.

ಎಲ್ಲ ಸರಿ. ಆದರೆ ಫೋಟೊದಿಂದ ಆತ್ಮಾವಲೋಕನ ಹೇಗೆ? ಕ್ರಮ ಹೇಳಿ. (ಗಂಗಾವತಿ)

ಮೊದಲು ಒಂದು ಭ್ರಮೆ ಕಳೆಯೋಣ. ಮುಖ ನೋಡಿ ಮನಸ್ಸು ಓದಬಹುದು ಎಂಬುದನ್ನು ಪೂರ್ತಿ ನಂಬಬೇಡಿ. ಹುಬ್ಬು ಗಂಟಿಕ್ಕಿದ್ದು ಸಿಟ್ಟಿಗೂ ಇರಬಹುದು, ಬಿಸಿಲಿಗೂ ಇರಬಹುದು. ಚಿತ್ರ ಉತ್ತರ ಕೊಡುವುದಿಲ್ಲ. ನೀವು ಕೇಳದೇ ಬಿಟ್ಟಿದ್ದ ಪ್ರಶ್ನೆಯನ್ನು ಎತ್ತಿ ಕೊಡುತ್ತದೆ, ಅಷ್ಟೇ. ಅಷ್ಟಾಗಬೇಕಾದರೂ ಉಳಿದದ್ದೆಲ್ಲ ಸ್ಥಿರವಾಗಿರಬೇಕು. ದಿನಕ್ಕೊಂದು ಜಾಗ, ದಿನಕ್ಕೊಂದು ಬೆಳಕು ಎಂದಾದರೆ ಬದಲಾದದ್ದು ನೀವೋ ಬೆಳಕೋ ತಿಳಿಯುವುದಿಲ್ಲ.

ಆದ್ದರಿಂದ 30 ದಿನ, ಒಂದೇ ಕುರ್ಚಿ, ಒಂದೇ ದೂರ, ಒಂದೇ ಹೊತ್ತು. ಬೆಳಿಗ್ಗೆ ಎಂಟು ಗಂಟೆ ಒಳ್ಳೆಯದು; ರಾತ್ರಿಯದು ಕರೆಂಟನ್ನು ನಂಬಿದ ಹೊತ್ತು. ಕೂರುವ ಮೊದಲು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಒಂದೇ ಸಾಲು ಬರೆಯಿರಿ: ಈಗ ತಲೆಯಲ್ಲಿ ಓಡುತ್ತಿರುವುದು ಏನು. "ಸಾಲದ ಕಂತು", "ನಿದ್ದೆ ಆಗಿಲ್ಲ", "ಏನೂ ಇಲ್ಲ" ಯಾವುದಾದರೂ ಸರಿ. ಆಮೇಲೆ ಟೈಮರ್ ಒತ್ತಿ, ಕೂತು, ಮೂರು ಸಲ ಉಸಿರು ಬಿಡಿ. ಮೂರು ಚಿತ್ರ ತೆಗೆಯಿರಿ, ಮೂರನೆಯದನ್ನು ಇಟ್ಟುಕೊಳ್ಳಿ. ಮೊದಲ ಎರಡರಲ್ಲಿ ಸಾಮಾನ್ಯವಾಗಿ "ಫೋಟೊಕ್ಕೆ ಕೂತ" ಮುಖವೇ ಇರುತ್ತದೆ. ಚೆನ್ನಾಗಿರುವುದನ್ನು ಆರಿಸುವ ಹಕ್ಕನ್ನು ನೀವೇ ಬಿಟ್ಟುಕೊಡಬೇಕು, ಈ ಕೆಲಸದ ಅತಿ ಕಷ್ಟದ ಭಾಗ ಇದು.

ತೆಗೆದದ್ದನ್ನು ಏಳು ದಿನ ನೋಡಬೇಡಿ. ಅಂದೇ ನೋಡಿದರೆ ಕಣ್ಣು ಕೂದಲು, ಕಾಲರು, ಕಪ್ಪು ಕಲೆಗೆ ಹೋಗುತ್ತದೆ, ನಾಳೆ ನೀವು ಅದನ್ನು ತಿದ್ದಿ ಕೂರುತ್ತೀರಿ. ಏಳನೆಯ ದಿನ ಏಳನ್ನೂ ಒಟ್ಟಿಗೆ ತೆರೆದು, ಒಂದೊಂದರ ಎದುರು ಕಂಡದ್ದನ್ನು ಮಾತ್ರ ಬರೆಯಿರಿ. ಚೆಂದ, ಕೆಟ್ಟದು, ಬೇಜಾರು, ಖುಷಿ ಈ ನಾಲ್ಕು ಪದ ಬಳಸುವಂತಿಲ್ಲ. ಹೀಗೆ: "ಎಡ ಭುಜ ಬಲಕ್ಕಿಂತ ಮೇಲೆ. ಕೆಳತುಟಿ ಒಳಕ್ಕೆ ಹೋಗಿದೆ. ಬಲಗೈ ಹೆಬ್ಬೆರಳು ಮುಷ್ಟಿಯೊಳಗೆ. ಕಣ್ಣು ಲೆನ್ಸಿಗಿಂತ ಕೆಳಗೆ." ಇಷ್ಟಾದ ಮೇಲೆ ಆ ದಿನದ ಸಾಲನ್ನು ಪಕ್ಕದಲ್ಲಿಟ್ಟು ಓದಿ. ಹೆಬ್ಬೆರಳು ಮುಷ್ಟಿಯೊಳಗೆ ಹೋದ ಐದು ದಿನಗಳಲ್ಲಿ ನಾಲ್ಕರ ಎದುರು "ಸಾಲದ ಕಂತು" ಎಂದೋ "ಅಣ್ಣನ ಫೋನು" ಎಂದೋ ಇದ್ದರೆ ಅಲ್ಲಿ ಕೇಳಬೇಕಾದ ಪ್ರಶ್ನೆ ಇದೆ. ಎಡ ಭುಜ ಮೂವತ್ತೂ ದಿನ ಮೇಲಿದ್ದರೆ ಅದು ದುಃಖವಲ್ಲ, ಚೀಲ ಹೊರುವ ಅಭ್ಯಾಸ ಇರಬೇಕು. ಬದಲಾಗುವುದನ್ನು ಹಿಡಿಯಿರಿ, ಬದಲಾಗದ್ದನ್ನು ಬಿಡಿ.

ಕೊನೆಗೆ ಎ4 ಹಾಳೆಯಲ್ಲಿ ಅಡ್ಡಕ್ಕೆ 5, ಉದ್ದಕ್ಕೆ 6 ಜೋಡಿಸಿ ಮುದ್ರಿಸಿ. ಒಂದೊಂದು ಚಿತ್ರ 4 ಸೆಂ.ಮೀ. ಅಗಲ ಬರುತ್ತದೆ. ಸ್ಟುಡಿಯೊದಲ್ಲಿ ಫೋಟೊ ಕಾಗದದ ಮೇಲೆಯೇ ತೆಗೆಸಿ. ಜೆರಾಕ್ಸ್ ಅಂಗಡಿಯ ಸಾದಾ ಹಾಳೆ ಮೂವತ್ತೂ ಮುಖ ಮಂಕಾಗಿಸುತ್ತದೆ, ನೀವು ಅದನ್ನು ನಿಮ್ಮ ಮನಸ್ಸಿನ ಮಂಕು ಎಂದು ಓದುವ ಅಪಾಯವಿದೆ.

ಇಲ್ಲಿ ಎರಡು ತಪ್ಪು ಮತ್ತೆ ಮತ್ತೆ ಆಗುತ್ತವೆ. ಹನ್ನೆರಡನೆಯ ದಿನದ ಹೊತ್ತಿಗೆ ಬೇಸರ ಬಂದು ಭಂಗಿ ಶುರುವಾಗುತ್ತದೆ, ಕಿಟಕಿಯಾಚೆ ನೋಡುವ ಕವಿಯ ಮುಖ. ಬೇಸರದ ಮುಖವನ್ನೇ ತೆಗೆಯಿರಿ, ಅದೂ ದಾಖಲೆ. ಎರಡನೆಯದು, ಒಂದು ದಿನ ತಪ್ಪಿದ್ದಕ್ಕೆ ಮರುದಿನ ಎರಡು ತೆಗೆಯುವುದು. ತಪ್ಪಿದ ದಿನದ ಜಾಗ ಖಾಲಿ ಬಿಡಿ.

ಹಿರಿಯರು "ತನ್ನ ಮುಖ ತಾನೇ ನೋಡಿಕೊಳ್ಳೋ ಹುಚ್ಚು" ಎನ್ನುತ್ತಾರೆ. (ಮಾನ್ವಿ)

ಹುಚ್ಚು ಹಳೆಯದು. 1839ರಲ್ಲಿ ಫಿಲಡೆಲ್ಫಿಯಾದ ರಾಬರ್ಟ್ ಕಾರ್ನೀಲಿಯಸ್ ತನ್ನ ಚಿತ್ರ ತಾನೇ ತೆಗೆದುಕೊಂಡ. ಛಾಯಾಗ್ರಹಣ ಜಗತ್ತಿಗೆ ಪ್ರಕಟವಾದದ್ದೂ ಅದೇ ವರ್ಷ. ನಮ್ಮಲ್ಲಿ ತ್ರಿಪುರಾದ ಮಹಾರಾಜ ಬೀರಚಂದ್ರ ಮಾಣಿಕ್ಯ 1880ರ ಸುಮಾರಿಗೆ ರಾಣಿಯ ಪಕ್ಕ ಕೂತು, ಉದ್ದ ತಂತಿಯಿಂದ ಶಟರ್ ಎಳೆದು ಚಿತ್ರ ತೆಗೆದ. ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಅವರ ತಂದೆ ಉಮ್ರಾವ್ ಸಿಂಗ್ ದಶಕಗಳ ಕಾಲ ತಮ್ಮನ್ನೇ ಚಿತ್ರಿಸಿಕೊಂಡರು. ಬ್ರಿಟನ್ನಿನ ಛಾಯಾಗ್ರಾಹಕಿ ಜೋ ಸ್ಪೆನ್ಸ್ 1982ರಲ್ಲಿ ಸ್ತನ ಕ್ಯಾನ್ಸರ್ ತಿಳಿದ ಮೇಲೆ ತನ್ನ ಮೈಯನ್ನೂ ಚಿಕಿತ್ಸೆಯನ್ನೂ ಕ್ಯಾಮೆರಾ ಎದುರು ಇಟ್ಟರು. ಅವರೂ ರೋಸಿ ಮಾರ್ಟಿನ್ನರೂ ಸೇರಿ ನಡೆಸಿದ ಕೆಲಸಕ್ಕೆ ಫೋಟೊ ಥೆರಪಿ ಎಂಬ ಹೆಸರೇ ಬಂತು. ಹಿರಿಯರಿಗೆ ಇಷ್ಟೆಲ್ಲ ಹೇಳುವ ಬದಲು ಅವರನ್ನೇ ಆ ಕುರ್ಚಿಯಲ್ಲಿ ಕೂರಿಸಿ, ಗುಂಡಿ ಅವರ ಕೈಗೆ ಕೊಡಿ.

ಅಪ್ಪ ತೀರಿಕೊಂಡು ಐದು ತಿಂಗಳು. ನನ್ನ ಫೋಟೊಗಳಲ್ಲಿ ಅವರದೇ ಮುಖ ಕಾಣುತ್ತದೆ. ತೆಗೆದಷ್ಟೂ ಕುಸಿಯುತ್ತಿದ್ದೇನೆ. ಮುಂದುವರಿಸಲೇ? (ಊರು ಬೇಡ)

ಮುಖದ ಚಿತ್ರ ಸದ್ಯಕ್ಕೆ ನಿಲ್ಲಿಸಿ. ಹಿಡಿದ ಹಟ ಬಿಟ್ಟರೆ ಸೋತಂತಲ್ಲ. ನಿದ್ದೆ ಊಟ ಎರಡು ವಾರದ ಮೇಲೂ ಹದಗೆಟ್ಟಿದ್ದರೆ, ಬದುಕು ಬೇಡ ಎನ್ನಿಸುತ್ತಿದ್ದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಕಡೆಯವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕೂಡ ಇದೆ. ಕ್ಯಾಮೆರಾ ವೈದ್ಯರ ಬದಲಿಗೆ ಬರುವುದಿಲ್ಲ.

ಕೈ ಕ್ಯಾಮೆರಾ ಬೇಡುತ್ತಿದ್ದರೆ ನೆರಳು ತೆಗೆಯಿರಿ. ಮುಖವಿಲ್ಲ, ಹೋಲಿಕೆಯ ಕಾಟವಿಲ್ಲ, ಆದರೂ ಅದು ನಿಮ್ಮದೇ. ಅಮೆರಿಕದ ಛಾಯಾಗ್ರಾಹಕಿ ವಿವಿಯನ್ ಮೇಯರ್ ತಮ್ಮ ನೆರಳನ್ನೂ ಅಂಗಡಿ ಗಾಜಿನಲ್ಲಿ ಬಿದ್ದ ಬಿಂಬವನ್ನೂ ವರ್ಷಗಟ್ಟಲೆ ತೆಗೆದರು, ಬಹುತೇಕ ಯಾರಿಗೂ ತೋರಿಸದೆ. ಚಳಿಗಾಲದಲ್ಲಿ ಬೆಳಿಗ್ಗೆ ಎಂಟರ ಹೊತ್ತಿಗೆ ನೆರಳು ಆಳಿನ ಮೂರ್ನಾಲ್ಕು ಪಟ್ಟು ಉದ್ದ ಇರುತ್ತದೆ. ಬೆನ್ನು ಸೂರ್ಯನಿಗೆ ಇರಲಿ. ನೆಲ ಸಮವಾಗಿದ್ದರೆ ಅಂಚು ಸ್ಪಷ್ಟ, ಹೆಂಟೆಯ ಹೊಲದಲ್ಲಿ ಮುರಿಯುತ್ತದೆ. ಎರಡೂ ಬೇರೆ ಬೇರೆ ಮಾತು ಹೇಳುತ್ತವೆ. ನಮ್ಮ ಮೂರೂ ಜಿಲ್ಲೆಗಳಲ್ಲಿ ಮೇ ಮೊದಲ ವಾರದ ಒಂದು ದಿನ, ಮತ್ತೆ ಆಗಸ್ಟ್ 10ರ ಆಸುಪಾಸು, ನಡು ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಗೆ ಬಂದು ನೆರಳು ಪಾದದಡಿ ಅಡಗುತ್ತದೆ.

ಹುಡುಗಿ ಒಬ್ಬಳೇ ಇಷ್ಟು ಫೋಟೊ ಇಟ್ಟುಕೊಂಡರೆ ಅಪಾಯವಲ್ಲವೇ? (ಸಿರುಗುಪ್ಪ)

ಫೋನು ಮನೆಮಂದಿಯ ಕೈಗೆಲ್ಲ ಹೋಗುವಂಥದ್ದಾದರೆ ಹೌದು. ಮೊದಲು ನೋಡಬೇಕಾದ್ದು ಬ್ಯಾಕಪ್: ತಮ್ಮನೋ ಅಣ್ಣನೋ ತೆರೆದುಕೊಟ್ಟ ಖಾತೆಗೆ ಚಿತ್ರಗಳು ತಾವಾಗಿಯೇ ಹೋಗುತ್ತಿರಬಹುದು. ಪಾಸ್‌ವರ್ಡ್ ಬದಲಿಸಿ, ಲಾಕ್ ಮಾಡಿದ ಫೋಲ್ಡರಿಗೆ ಹಾಕಿ, ಕ್ಯಾಮೆರಾ ಸೆಟ್ಟಿಂಗಿನಲ್ಲಿ ಲೊಕೇಶನ್ ಆಫ್ ಮಾಡಿ. ಈ ಮೂವತ್ತು ಚಿತ್ರ ಸ್ಟೇಟಸ್ಸಿಗೆ ಅಲ್ಲ. ಒಂದನ್ನು ಹಾಕಿದರೂ ಮರುದಿನ ಕುರ್ಚಿಯಲ್ಲಿ ಕೂರುವವಳು ನೋಡುಗರಿಗಾಗಿ ಕೂರುತ್ತಾಳೆ.

ಆನೆಗೊಂದಿ ಕಡೆ ಬಂಡೆಗಳ ನಡುವೆ ತೆಗೆಯಬೇಕೆಂದಿದ್ದೇನೆ. ಏಪ್ರಿಲ್ ಸರಿಯೇ? (ಕೊಪ್ಪಳ)

ಬೇಡ. ಆಪಲ್ ತನ್ನ ಫೋನುಗಳಿಗೆ ಹೇಳುವ ಮಿತಿಯೇ 35 ಡಿಗ್ರಿ. ಏಪ್ರಿಲ್‌ನ ನಮ್ಮ ಮಧ್ಯಾಹ್ನ ಎಷ್ಟೋ ದಿನ 40ರ ಆಸುಪಾಸು ಇರುತ್ತದೆ, ಬಂಡೆಯ ಮೇಲೆ ಇನ್ನೂ ಹೆಚ್ಚು. ಪರದೆ ಮಂಕಾಗುತ್ತದೆ, ಆಮೇಲೆ ಕ್ಯಾಮೆರಾ ಮುಚ್ಚಿಕೊಳ್ಳುತ್ತದೆ. ಬಿಸಿಯಾದ ಫೋನನ್ನು ಫ್ರಿಜ್ಜಿಗೆ ಹಾಕಬೇಡಿ, ಒಳಗೆ ಹನಿಗಟ್ಟುತ್ತದೆ. ಕವರ್ ತೆಗೆದು ನೆರಳಲ್ಲಿಡಿ. ನವೆಂಬರ್‌ನಿಂದ ಜನವರಿ, ಸೂರ್ಯ ಹುಟ್ಟಿದ ಮೊದಲ ಒಂದು ತಾಸು ನಿಮ್ಮದು. ಸ್ಟ್ಯಾಂಡಿನ ಕೊಕ್ಕೆಗೆ ಎರಡು ಲೀಟರ್ ನೀರಿನ ಬಾಟಲಿ ನೇತು ಹಾಕಿದರೆ ಗಾಳಿಗೆ ಬೀಳದು. ಬಂಡೆಯ ಅಂಚಿಗೂ ನೀರಿನ ಅಂಚಿಗೂ ಟೈಮರ್ ಇಟ್ಟು ಓಡುವುದು ಬೇಡ. ಕೂತ ಮೇಲೆ ರಿಮೋಟ್ ಒತ್ತಿ. ಸಂರಕ್ಷಿತ ಸ್ಮಾರಕಗಳ ಒಳಗೆ ಟ್ರೈಪಾಡ್ ಇಡಬೇಕಾದರೆ ಮೊದಲೇ ಅನುಮತಿ ಪಡೆಯಬೇಕು.

ಮೂವತ್ತು ದಿನ ಮುಗಿಸಿದೆ. ಈಗೇನು? (ಲಿಂಗಸುಗೂರು)

ಹಾಳೆಯನ್ನು ಗೋಡೆಗೆ ಹಚ್ಚಬೇಡಿ, ನೋಟ್‌ಬುಕ್ಕಿನೊಳಗೆ ಮಡಿಸದೆ ಇಡಿ. ಮೂರು ತಿಂಗಳು ಬಿಟ್ಟು ಅದೇ ಕುರ್ಚಿ, ಅದೇ ಗೆರೆ, ಅದೇ ಹೊತ್ತು. ಒಂದನ್ನು ಮಾತ್ರ ಬದಲಿಸಿ. ಮುಖದ ಬದಲು ಕೈ ತೆಗೆಯಬಹುದು, ಅಥವಾ ಕಣ್ಣು ಮುಚ್ಚಿ ಕೂರಬಹುದು. ಸೀಮೆಸುಣ್ಣದ ಗೆರೆ ಅಷ್ಟರಲ್ಲಿ ಕಸಬರಿಗೆಗೆ ಹೋಗಿರುತ್ತದೆ, ಆದ್ದರಿಂದ ಇವತ್ತೇ ಗೋಡೆಯಿಂದ ಕುರ್ಚಿಗೆ ಎಷ್ಟು ಗೇಣು, ಕುರ್ಚಿಯಿಂದ ಫೋನಿಗೆ ಎಷ್ಟು ಅಡಿ ಎಂದು ಅಳೆದು ಅದೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡಿ.